ಆಪರೇಷನ್ ಆದ್ಮೇಲೆ ಐರನ್ ಮಾತ್ರೆ: ಕಾಫಿ ಲೋಟದ ಪಕ್ಕ ಇಡ್ಬೇಡಿ

ನಮ್ಮತ್ತಿಗೆಗೆ ಬೆಂಗಳೂರಲ್ಲಿ ತೂಕ ಇಳಿಸೋ ಬೈಪಾಸ್ ಆಪರೇಷನ್ ಆಗಿ ಒಂದೂವರೆ ವರ್ಷ ಆಯ್ತು. ತೂಕ ಏನೋ ಚೆನ್ನಾಗೇ ಇಳೀತು, ಆದ್ರೆ ಹೋದ ಕಾರ್ತಿಕ ಸೋಮವಾರ ಕೋಲಾರದ ಅಂತರಗಂಗೆ ಮೆಟ್ಟಿಲು ಹತ್ತೋವಾಗ ಅರ್ಧಕ್ಕೇ ಕೂತ್ಬಿಟ್ರು, ಏದುಸಿರು, ದಪ್ಪ ಇದ್ದಾಗ್ಲೇ ಇದಕ್ಕಿಂತ ಚೆನ್ನಾಗಿ ಹತ್ತುತಿದ್ದೆ ಅಂತ ಅವರೇ ಅಂದ್ರು. ಟೆಸ್ಟ್ ಮಾಡಿಸಿದ್ರೆ ರಕ್ತ ಕಮ್ಮಿ, ಮೈಯಲ್ಲಿ ಐರನ್ ಸ್ಟಾಕೇ ಇಲ್ಲ. ಮಾತ್ರೆ ತಗೋತಿರ್ಲಿಲ್ವಾ ಅಂದ್ರೆ ಒಂದಿನಾನೂ ತಪ್ಪಿಸಿಲ್ಲ, ದಿನಾ ಬೆಳಿಗ್ಗೆ ಕಾಫಿ ಜೊತೆ ನುಂಗ್ತಿದ್ರು. ಎಡವಟ್ಟು ಆಗಿದ್ದೇ ಅಲ್ಲಿ.

ಮೊದಲು ಇಷ್ಟು ತಿಳ್ಕೊಳ್ಳಿ. ಐರನ್ ಹೆಚ್ಚಾಗಿ ರಕ್ತಕ್ಕೆ ಸೇರೋದು ಸಣ್ಣ ಕರುಳಿನ ಶುರುವಿನ ಭಾಗದಲ್ಲಿ, ಅದಕ್ಕೆ ಹೊಟ್ಟೆಯ ಆಸಿಡ್ಡೂ ಬೇಕು. ಬೈಪಾಸಲ್ಲಿ ಊಟ ಆ ಭಾಗಕ್ಕೆ ಹೋಗೋದೇ ಇಲ್ಲ, ಪಕ್ಕದ ದಾರೀಲಿ ಮುಂದಕ್ಕೆ ಹೋಗತ್ತೆ. ಸ್ಲೀವ್ ಅನ್ನೋ ಇನ್ನೊಂದು ಥರದ ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡವರಿಗೆ ಕರುಳು ಹಾಗೇ ಇರತ್ತೆ, ಆದ್ರೆ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದಿರ್ತಾರಲ್ಲ, ಆಸಿಡ್ ಕಮ್ಮಿ ಆಗತ್ತೆ. ಮೇಲಿಂದ ಗ್ಯಾಸ್ ಮಾತ್ರೆ ಬೇರೆ ಕೊಟ್ಟಿರ್ತಾರೆ, ಅದೂ ಆಸಿಡ್ ಇಳಿಸೋದೇ. ಹಾಗಂತ ಅದನ್ನ ನೀವೇ ನಿಲ್ಲಿಸ್ಬೇಡಿ, ಎಷ್ಟು ದಿನ ಬೇಕು ಅಂತ ಡಾಕ್ಟರನ್ನ ಕೇಳಿ.

ಈಗ ಸ್ಟ್ರಿಪ್ ಓದೋದು. ಹಿಂದೆ ಸಣ್ಣ ಅಕ್ಷರದಲ್ಲಿ ‘ಎಲಿಮೆಂಟಲ್ ಐರನ್’, ಅಂದ್ರೆ ಮಾತ್ರೇಲಿ ನಿಜವಾಗಿ ಇರೋ ಐರನ್, ಎಷ್ಟು ಅಂತ ಇರತ್ತೆ, ಲೆಕ್ಕಕ್ಕೆ ಬರೋದು ಅದೊಂದೇ. ಫೆರಸ್ ಫ್ಯೂಮರೇಟ್ ಅಂದ್ರೆ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಐರನ್ನು, ಗ್ಲುಕೊನೇಟಲ್ಲಿ ನೂರಕ್ಕೆ 12ರಷ್ಟು. ಈ ಆಪರೇಷನ್ ಆದವರಲ್ಲಿ ಮುಟ್ಟಾಗೋ ಹೆಂಗಸರಿಗೆ, ಬೈಪಾಸ್ ಅಥವಾ ಸ್ಲೀವ್ ಆದವರಿಗೆ ಕೊರತೆ ಬರದೇ ಇರೋಕೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಎಲಿಮೆಂಟಲ್ ಐರನ್ ಅಂತ ಹೇಳ್ತಾರೆ, ಮಲ್ಟಿವಿಟಮಿನ್ನಲ್ಲಿ ಇರೋದೂ ಅದರಲ್ಲೇ ಸೇರತ್ತೆ. ಆಗ್ಲೇ ಕೊರತೆ ಇದ್ರೆ ಡೋಸ್ ಬೇರೆ, ಅದನ್ನ ಡಾಕ್ಟರೇ ಬರೀಬೇಕು. ಸುಸ್ತು ಅಂತ ಎರಡೆರಡು ನುಂಗೋದು ಬೇಡ. ಇನ್ನೊಂದು, ಹೊಟ್ಟೇಲಿ ಕರಗದೆ ಕರುಳಲ್ಲಿ ನಿಧಾನಕ್ಕೆ ಕರಗೋ ಕೋಟಿಂಗ್ ಮಾತ್ರೆ ಬೈಪಾಸ್ ಆದವರಿಗೆ ಅಷ್ಟು ಉಪಯೋಗಕ್ಕೆ ಬರಲ್ಲ, ಮೆಡಿಕಲ್ ಸ್ಟೋರಲ್ಲಿ ‘ಇದೂ ಅದೇ’ ಅಂತ ಬದಲಾಯಿಸಿ ಕೊಟ್ರೆ ಕೇಳಿ ತಗೊಳ್ಳಿ. ನಮಗೂ ಒಂದ್ಸಲ ಹಂಗೇ ಕೊಟ್ಟಿದ್ರು.

ನಿಜವಾದ ತಲೆನೋವು ಟೈಮು. ನಮ್ಮ ಕಡೆ ಮನೇಲಿ ಬೆಳಿಗ್ಗೆಯಿಂದ ರಾತ್ರಿವರೆಗೂ ಐರನ್‌ಗೆ ಅಡ್ಡ ಬರೋದೇ ಜಾಸ್ತಿ: ಎದ್ದ ಕೂಡ್ಲೇ ಕಾಫಿ, ಹಾಲು, ಮಧ್ಯಾಹ್ನ ಮುದ್ದೆ, ನಾಲ್ಕಕ್ಕೆ ಟೀ, ರಾತ್ರಿ ಮೊಸರು. ಕಾಫಿ ಟೀ ಐರನ್ನನ್ನ ಹಿಡ್ಕೊಂಡುಬಿಡತ್ತೆ, ಹಾಲಿನ ಕ್ಯಾಲ್ಸಿಯಂ ಅದಕ್ಕೆ ಪೈಪೋಟಿ. ರಾಗೀಲಿ ಕ್ಯಾಲ್ಸಿಯಂ ಭರ್ಜರಿ, ಜೊತೆಗೆ ಕಾಳು ಧಾನ್ಯದಲ್ಲಿರೋ ಫೈಟೇಟ್ ಅನ್ನೋ ಅಂಶಾನೂ ಇದೆ, ಅದೂ ಐರನ್ನನ್ನ ಮೈಗೆ ಹತ್ತೋಕೆ ಬಿಡಲ್ಲ. ನಮ್ಮಮ್ಮ ಮಾತ್ರ ‘ಬಸ್ಸಾರು ಉಣ್ಣಮ್ಮ, ಸೊಪ್ಪಲ್ಲಿ ಇಲ್ಲದ ಐರನ್ನು ಮಾತ್ರೇಲಿ ಇರತ್ತಾ’ ಅಂತಾರೆ. ಉಣ್ಲಿ, ಬೇಡ ಅನ್ನಲ್ಲ, ಆದ್ರೆ ಸೊಪ್ಪು ಕಾಳಿನ ಐರನ್ ಮೈಗೆ ಹತ್ತೋದು ಮಾಂಸದ್ದಕ್ಕಿಂತ ಕಮ್ಮಿ, ಮೇಲಾಗಿ ಆಪರೇಷನ್ ಆದ ಹೊಟ್ಟೆಗೆ ಹಿಡಿಯೋದೇ ನಾಲ್ಕು ತುತ್ತು.

ಅದಕ್ಕೆ ನಾವು ಒಂದು ಹಾಳೇಲಿ ದಿನದ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ವಿ. ಆರಕ್ಕೆ ಥೈರಾಯ್ಡ್ ಮಾತ್ರೆ, ಯಾಕಂದ್ರೆ ಅದಕ್ಕೂ ಐರನ್‌ಗೂ, ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಎಂಟೂವರೆಗೆ ತಿಂಡಿ, ಕಾಫಿ. ಹನ್ನೊಂದಕ್ಕೆ ಐರನ್, ಬರೀ ನೀರಲ್ಲಿ. ಒಂದಕ್ಕೆ ಊಟ, ಎರಡಕ್ಕೆ ಮೊದಲ ಕ್ಯಾಲ್ಸಿಯಂ, ಸಂಜೆ ಐದಕ್ಕೆ ಎರಡನೇದು, ರಾತ್ರಿ ಎಂಟಕ್ಕೆ ಮೂರನೇದು. ಕ್ಯಾಲ್ಸಿಯಂಗೂ ಐರನ್‌ಗೂ ಕನಿಷ್ಠ ಎರಡು ಗಂಟೆ ಗ್ಯಾಪ್ ಇರಲೇಬೇಕು, ಉಳಿದಿದ್ದು ನಿಮ್ಮನೆ ಅನುಕೂಲ ನೋಡ್ಕೊಂಡು ಹಿಂದೆ ಮುಂದೆ ಮಾಡ್ಕೊಳ್ಳಿ. ಮೊಬೈಲಲ್ಲಿ ಹನ್ನೊಂದರ ಅಲಾರಂ ಇಟ್ಟಿದೀವಿ, ಅದು ಹೊಡ್ಕೊಂಡ್ರೆ ಈಗ ಪಕ್ಕದ್ಮನೆಯವರೂ ‘ಮಾತ್ರೆ ಆಯ್ತಾ’ ಅಂತಾರೆ.

ಜೊತೆಗೆ ವಿಟಮಿನ್ ಸಿ ಇದ್ರೆ ಒಳ್ಳೇದು. ಅರ್ಧ ನಿಂಬೆಹಣ್ಣು ನೀರಿಗೆ ಹಿಂಡಿ, ಸಕ್ಕರೆ ಬೆಲ್ಲ ಹಾಕದೆ ಗುಟುಕು ಗುಟುಕಾಗಿ ಕುಡೀರಿ. ಬೈಪಾಸ್ ಆದವರು ಸಿಹಿ ಪಾನಕ ಗಟಗಟ ಕುಡಿದ್ರೆ ಬೆವರು, ತಲೆಸುತ್ತು, ಭೇದಿ ಎಲ್ಲಾ ಒಟ್ಟಿಗೇ ಬರಬಹುದು. ನಿಂಬೆ ಉರಿ ಅನ್ಸಿದ್ರೆ ಎರಡು ಹೋಳು ಸೀಬೆಹಣ್ಣು ಸಾಕು, ಬೀಜ ತೆಗೆದು ಚೆನ್ನಾಗಿ ಅಗೀರಿ.

ಹೊಟ್ಟೆ ತೊಳಸತ್ತೆ, ಮೋಷನ್ ಕಟ್ಕೊಳತ್ತೆ ಅಂತ ತುಂಬಾ ಜನ ಎರಡೇ ವಾರಕ್ಕೆ ಬಿಟ್ಬಿಡ್ತಾರೆ. ಬಿಡೋ ಮುಂಚೆ ಡಾಕ್ಟರಿಗೆ ಹೇಳಿ, ಬೇರೆ ಥರದ್ದು ಕೊಡ್ತಾರೆ, ಇಲ್ಲಾಂದ್ರೆ ದಿನ ಬಿಟ್ಟು ದಿನ ತಗೊಳ್ಳಿ ಅಂತಾರೆ. ತೀರಾ ಆಗ್ದಿದ್ರೆ ಸ್ವಲ್ಪ ತಿಂದು ತಗೊಂಡ್ರೂ ನಡೆಯತ್ತೆ, ಬಿಟ್ಟುಬಿಡೋದಕ್ಕಿಂತ ವಾಸಿ. ಮಲ ಕಪ್ಪಗಾಗೋದು ಮಾಮೂಲಿ. ಆದ್ರೆ ಟಾರಿನ ಥರ ಅಂಟು, ಕೆಟ್ಟ ವಾಸನೆ, ಜೊತೆಗೆ ತಲೆಸುತ್ತು ಹೊಟ್ಟೆನೋವು ಇದ್ರೆ ಒಳಗೆ ರಕ್ತ ಹೋಗ್ತಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಮಾತ್ರೆ ಡಬ್ಬಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಜಾಸ್ತಿ ಐರನ್ ನುಂಗಿದ್ರೆ ಮಗು ಜೀವಕ್ಕೇ ಅಪಾಯ.

ಟೆಸ್ಟ್ ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಂದ್ಸಲ, ಬದುಕಿರೋವರೆಗೂ. ಬರೀ ಹಿಮೋಗ್ಲೋಬಿನ್ ನೋಡಿ ಸುಮ್ನಾಗ್ಬೇಡಿ, ಫೆರಿಟಿನ್ನೂ ಬರೆಸಿ, ಸ್ಟಾಕ್ ಎಷ್ಟಿದೆ ಅಂತ ಹೇಳೋದು ಅದೇ. ಜ್ವರ ಇದ್ದಾಗ ಫೆರಿಟಿನ್ ಸುಮ್ಸುಮ್ನೆ ಏರಿರತ್ತೆ, ವಾಸಿಯಾದ್ಮೇಲೆ ಮಾಡ್ಸಿ. ಮಧ್ಯದಲ್ಲಿ ಐಸ್ ಕಚ್ಚಬೇಕು, ಹಸಿ ಅಕ್ಕಿ ಅಗೀಬೇಕು ಅನ್ಸೋಕೆ ಶುರುವಾದ್ರೆ ಅದು ಐರನ್ ಕಮ್ಮಿ ಆಗಿರೋ ಲಕ್ಷಣ ಇರಬಹುದು, ಟೆಸ್ಟ್ ಡೇಟ್‌ವರೆಗೂ ಕಾಯ್ಬೇಡಿ. ಅತ್ತಿಗೆ ತಿಂಗಳುಗಟ್ಲೆ ಅಕ್ಕಿ ಡಬ್ಬಕ್ಕೆ ಕೈ ಹಾಕ್ತಿದ್ರು, ನಾವು ನಗಾಡ್ತಿದ್ವಿ.

ಇಷ್ಟೆಲ್ಲಾ ಮಾಡಿದ್ರೂ ಏರದೇ ಇದ್ರೆ ಡ್ರಿಪ್ಪಲ್ಲಿ ಐರನ್ ಹಾಕ್ತಾರೆ, ಅದು ಕರುಳಿನ ಹಂಗಿಲ್ಲದೆ ನೇರ ರಕ್ತಕ್ಕೇ ಹೋಗತ್ತೆ. ಅಲರ್ಜಿ ಆಗೋದು ಅಪರೂಪ, ಆದ್ರೂ ಹಾಕಿದ್ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸ್ತಾರೆ, ಬಸ್ಸಿಗೆ ಲೇಟಾಗತ್ತೆ ಅಂತ ಎದ್ದು ಬರಬೇಡಿ.