ಬೀಚಲ್ಲಿ ಸಿಕ್ಕಿದ ಉಂಗುರ ಬಂಗಾರದ್ದೋ ಹಿತ್ತಾಳೇದೋ, ಮನೇಲೇ ನೋಡೋದು ಹೇಗೆ

ಗೋವಾದ ಮಿರಾಮಾರ್, ಕೋಲ್ವಾ ಬೀಚ್ ಕಡೆ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ತಿರುಗೋರು ಸ್ಕ್ರೀನ್ ಮೇಲಿನ ನಂಬರ್ ನೋಡಿ ಕುಣೀಬೇಡ್ರಿ. ಸಣ್ಣ ಬಂಗಾರದ ಉಂಗುರ, ಸಿಗರೇಟ್ ಪ್ಯಾಕಿನ ಫಾಯಿಲ್, ಬಿಯರ್ ಕ್ಯಾನಿನ ಕಿವಿ, ಎಲ್ಲ ಹೆಚ್ಚುಕಮ್ಮಿ ಒಂದೇ ರೇಂಜಲ್ಲಿ ಕೂಗ್ತವೆ, ಒದ್ದೆ ಉಪ್ಪು ಮರಳಲ್ಲಂತೂ ಮಷೀನಿಗೆ ತಲೆನೇ ಕೆಟ್ಟಿರ್ತದೆ. ನಂಬೋದಾದ್ರೆ ತಕ್ಕಡೀನ ನಂಬಿ.

ಮೊದಲು ಸಿಹಿನೀರಲ್ಲಿ ನೆನೆಸಿಟ್ಟು ಮೆತ್ತನೆ ಬ್ರಷ್‌ನಿಂದ ತೊಳೀರಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕೋದು ಬೇಡ. ಹಸಿರು ಕಿಲುಬು ಹಿಡಿದಿದ್ರೆ ತಾಮ್ರ ಇಲ್ಲಾ ಹಿತ್ತಾಳೆ ಇರ್ಬೇಕು, ಕರ್ರಗಾಗಿದ್ರೆ ಬೆಳ್ಳಿ ಇರಬಹುದು, 22 ಕ್ಯಾರೆಟ್ ಆದ್ರೆ ಉಪ್ಪುನೀರಲ್ಲಿ ಬಿದ್ದಿದ್ರೂ ಹಳದಿಯಾಗೇ ಹೊಳೀತದೆ. ಮ್ಯಾಗ್ನೆಟ್‌ಗೆ ಅಂಟಿದ್ರೆ ಬಂಗಾರ ಅಲ್ಲ, ಆದ್ರೆ ಅಂಟಲಿಲ್ಲ ಅಂದ್ರೆ ಏನೂ ಗೊತ್ತಾಗಲ್ಲ, ಹಿತ್ತಾಳೆ ಸೀಸನೂ ಅಂಟಲ್ಲ. ಚೈನ್ ಆದ್ರೆ ಕೊಂಡಿ ಬಿಟ್ಟು ಬೇರೆ ಕಡೆ ಹಿಡೀರಿ, ಅಪ್ಪಟ ಬಂಗಾರದ ಚೈನಿಗೂ ಕೊಂಡಿ ಒಳಗಿನ ಸ್ಪ್ರಿಂಗ್ ಸ್ಟೀಲಿಂದು ಇರ್ತದೆ.

ಆಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಒಳಮೈ ನೋಡಿ. 916 ಅಂದ್ರೆ 22 ಕ್ಯಾರೆಟ್, 750 ಅಂದ್ರೆ 18, 585 ಅಂದ್ರೆ 14, 925 ಬೆಳ್ಳಿ. ಗೋವಾದಲ್ಲಿ ರಷ್ಯಾದವ್ರು ಬಹಳ ಬರ್ತಾರಲ್ಲ, ಅವರ ಉಂಗುರ ಸ್ವಲ್ಪ ಕೆಂಪು ಛಾಯೆ, ಹಳೇ ಸೋವಿಯತ್ ಕಾಲದ್ದಾದ್ರೆ 583 ಅಂತ ಇದ್ದು ಪಕ್ಕದಲ್ಲಿ ನಕ್ಷತ್ರ ಇರ್ತದೆ. ಆದ್ರೆ ಮುದ್ರೆ ಒತ್ತೋಕೆ ಯಾರಪ್ಪನ ಅಪ್ಪಣೆ ಬೇಕು, ನಕಲಿ ಮೇಲೂ ಒತ್ತಿರ್ತಾರೆ.

ಅದಕ್ಕೇ ನೀರಿನ ಟೆಸ್ಟ್. 0.01 ಗ್ರಾಂ ತೋರಿಸೋ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಉಂಗುರ ತೂಗಿ ಬರ್ಕೊಳ್ಳಿ, 4.20 ಗ್ರಾಂ ಅಂತಿಟ್ಕೊಳ್ಳಿ. ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಟೇರ್ ಒತ್ತಿ ಸೊನ್ನೆ ಮಾಡಿ, ಉಂಗುರಕ್ಕೆ ತೆಳು ಹೊಲಿಗೆ ದಾರ ಕಟ್ಟಿ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ, ತಳಕ್ಕೂ ತಾಗಬಾರದು ಬದಿಗೂ ತಾಗಬಾರದು, ಗುಳ್ಳೆ ಅಂಟ್ಕೊಂಡಿದ್ರೆ ನೀರಿಗೆ ಒಂದು ಹನಿ ಪಾತ್ರೆ ಸೋಪು ಬಿಡಿ. ಈಗ 0.24 ತೋರಿಸ್ತು ಅಂದ್ರೆ 4.20 ಭಾಗಿಸು 0.24, ಬಂತು 17.5, ಅಂದ್ರೆ ನೀರಿಗಿಂತ ಅಷ್ಟು ಪಟ್ಟು ಭಾರ, ಅದು 22 ಕ್ಯಾರೆಟ್ ಹತ್ರ. ಅದೇ ತೂಕದ ಹಿತ್ತಾಳೆ ಆಗಿದ್ರೆ 0.50 ತೋರಿಸಿರೋದು, ಲೆಕ್ಕ ಎಂಟೂವರೆಗೆ ಬರೋದು. 18 ಕ್ಯಾರೆಟ್ 15-16ರ ಹತ್ರ, ಬೆಳ್ಳಿ 10.4, ಸೀಸ 11.3, ಸ್ಟೀಲ್ 8, ಪ್ಲಾಟಿನಂ 20 ದಾಟ್ತದೆ. ಬೆಳ್ಳಿ ಸೀಸದ ಡೌಟ್ ಬಂದ್ರೆ ಕಾಗದದ ಮೇಲೆ ಗೀಚಿ, ಮೀನು ಬಲೆಯ ಸೀಸದ ಗುಂಡು ಪೆನ್ಸಿಲ್ ತರ ಗೆರೆ ಬಿಡ್ತದೆ.

ಮೂಗುತಿಯಂಥ ಸಣ್ಣದಕ್ಕೆ ಈ ಲೆಕ್ಕ ನಡೆಯಲ್ಲ, ತಕ್ಕಡಿ ಒಂದು ಪಾಯಿಂಟ್ ತಪ್ಪಿದ್ರೂ ಉತ್ತರ ಎಲ್ಲೋ ಹೋಗ್ತದೆ. ಕಲ್ಲು ಕೂರಿಸಿದ್ದಕ್ಕೂ ಬೇಡ. ಮಂಗಳಸೂತ್ರದ ವಾಟಿ, ಅಂದ್ರೆ ಪುಟ್ಟ ಬಟ್ಟಲಿನಂಥ ತಾಳಿ ಸಿಕ್ಕಿದ್ರೆ ಒಳಗೆ ಅರಗು ತುಂಬಿರ್ತಾರೆ, ಅಪ್ಪಟ ಬಂಗಾರನೂ ಹಗುರ ಅಂತ ತೋರಿಸ್ತದೆ. ಗಂಡಸರ ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ಉಲ್ಟಾ, ಅದೂ 15ರ ಹತ್ರ ಬಂದು 18 ಕ್ಯಾರೆಟ್ ಅಂತ ಯಾಮಾರಿಸ್ತದೆ. ಇಂಥವಕ್ಕೆ ಸರಾಫರ ಅಂಗಡಿಗೇ ಹೋಗಿ ಒರೆ ಹಚ್ಚಿಸಿ, ಅಂಗಡಿಯ ಪ್ಯೂರಿಟಿ ನೋಡೋ ಮಷೀನ್ ಮೇಲ್ಪದರ ಮಾತ್ರ ಓದ್ತದೆ, ಪಾಲಿಶ್ ದಪ್ಪ ಇದ್ರೆ ಅದಕ್ಕೂ ಮೋಸ. ಮನೇಲಿ ಆಸಿಡ್ ಬಾಟಲಿ ಮುಟ್ಟಬೇಡಿ.

2023ರ ಏಪ್ರಿಲ್ ಆದಮೇಲೆ ಅಂಗಡೀಲಿ ಮಾರಿದ ಹಾಲ್‌ಮಾರ್ಕ್ ಒಡವೆ ಮೇಲೆ ಅಕ್ಷರ ಅಂಕಿ ಸೇರಿ ಆರರ ಎಚ್‌ಯುಐಡಿ, ಅಂದ್ರೆ ಆ ಒಡವೆಗೇ ಅಂತ ಇರೋ ಗುರುತಿನ ಕೋಡ್ ಇರ್ತದೆ. ಅದನ್ನ ಸರ್ಕಾರದ ಬಿಐಎಸ್ ಕೇರ್ ಆಪಲ್ಲಿ ಹಾಕಿದ್ರೆ ಯಾವ ಜುವೆಲರ್, ಎಷ್ಟು ಪ್ಯೂರಿಟಿ ಅಂತ ಬರ್ತದೆ, ಕಳ್ಕೊಂಡವರನ್ನ ಹುಡುಕೋಕೂ ಅಲ್ಲಿಂದಲೇ ಶುರು ಮಾಡಬಹುದು, ಪೊಲೀಸ್ ಸ್ಟೇಷನ್‌ಗೂ ತಿಳಿಸಿ. ನೆಲದಲ್ಲಿ ಹೂತಿಟ್ಟ ಹಳೇ ನಿಧಿ ಸಿಕ್ಕಿದ್ರೆ 1878ರ ಕಾಯ್ದೆ ಪ್ರಕಾರ ಹತ್ತು ರೂಪಾಯಿ ಮೇಲ್ಪಟ್ಟದ್ದು ಏನೇ ಇರ್ಲಿ ಕಲೆಕ್ಟರಿಗೆ ಹೇಳ್ಬೇಕು, ಓಲ್ಡ್ ಗೋವಾದ ಚರ್ಚುಗಳ ಸುತ್ತ ಅಂತೂ ಡಿಟೆಕ್ಟರ್ ಬ್ಯಾಗಿಂದ ತೆಗೀಲೇಬೇಡ್ರಿ.