ಕರಿಬೇವಿನ ಗಿಡದ ಪಕ್ಕ ಕೂತು ಓದಿದ್ದು

2020ರ ಫೆಬ್ರವರಿಯಲ್ಲಿ ನಮ್ಮ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿನ ಮಳಿಗೆಗಳಿಂದ ಒಂದು ಚೀಲ ಪುಸ್ತಕ ತಂದಿದ್ದೆ. ನನಗೆ ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಜೊತೆಗೊಂದು ಕೈತೋಟದ ಪುಸ್ತಕ. ಐದು ವರ್ಷದ ಮಗಳಿಗೆ ಹೂವು, ಚಿಟ್ಟೆಗಳ ಚಿತ್ರದ ಪುಸ್ತಕ ಮೂರು. ಮುಂದಿನ ತಿಂಗಳೇ ಲಾಕ್‌ಡೌನ್. ಓದಲು ಬೇಕಾದಷ್ಟು ಹೊತ್ತು, ಓಡಾಡಲು ಮಾಳಿಗೆ ಮಾತ್ರ.

ಮೊದಲು ಕೈಕೊಟ್ಟದ್ದು ಕೈತೋಟದ ಪುಸ್ತಕ. ಅದರಲ್ಲಿ ಹೇಳಿದಂತೆ ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ ಕಲಸಿ ಕುಂಡ ತುಂಬಿದೆ. ಬರೆದವರ ತೋಟದ್ದು ಕೆಂಪು ಮಣ್ಣು ಇರಬೇಕು. ನಮ್ಮದು ಎರಿ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇ ತಿಂಗಳ ಬಿಸಿಲಿಗೆ ಮಣ್ಣು ಕುಂಡದ ಅಂಚು ಬಿಟ್ಟು ಒಳಗೆ ಸರಿಯಿತು. ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ಕೆಳಗಿನ ತೂತಿನಿಂದ ಹೊರಗೆ! ಮಳೆ ಶುರುವಾದ ಮೇಲೆ ಉಲ್ಟಾ. ನೀರು ನಿಂತು ಟೊಮೆಟೊ ಬೇರು ಕೊಳೆತವು. ಈಗ ಒಂದು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಹಳೇ ತಿಪ್ಪೆ ಗೊಬ್ಬರ ಹಾಕುತ್ತೇನೆ. ಅದೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.

ಮಗಳ ಪುಸ್ತಕದಲ್ಲಿ ಟ್ಯುಲಿಪ್ ಹೂವಿತ್ತು. “ನಮ್ಮ ಮಾಳಿಗಿ ಮ್ಯಾಲ ಯಾವಾಗ ಬಿಡ್ತದ?” ಅಂತ ದಿನಾ ಕೇಳುತ್ತಿದ್ದಳು. ಅದರ ಗಡ್ಡೆಗೆ ವಾರಗಟ್ಟಲೆ ಚಳಿ ಬೇಕು ಅಂತ 40 ಡಿಗ್ರಿ ಬಿಸಿಲಲ್ಲಿ ಕೂತು ಮಗುವಿಗೆ ಹೇಗೆ ಹೇಳೋದು?

‘ಹಸುರು ಹೊನ್ನು’ ಓದಿದರೆ ಬದನೆಕಾಯಿ ಬೆಳೆಯಲು ಬರುವುದಿಲ್ಲ. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದಲ್ಲಿ ಗಿಡ ಹುಡುಕಿದ ಕತೆ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಗಿಸುತ್ತಲೇ ಎಲೆ ತಿರುವಿ ನೋಡುವ ಚಟ ಹಚ್ಚುತ್ತದೆ. ಆ ಚಟದಲ್ಲೇ ಒಂದು ಬೆಳಿಗ್ಗೆ ಕರಿಬೇವಿನ ಎಲೆ ತಿರುವಿದೆ. ಕಂದು ಬಣ್ಣದ್ದೇನೋ ಅಂಟಿತ್ತು, ನಡುವೆ ಬಿಳಿ ಕಲೆ.

“ಕಾಗಿ ಹೇತದ,” ಅಂದಳು ಮಗಳು.

ಅಷ್ಟರಲ್ಲಿ ಅದು ಸರಿದಾಡಿತು! ನಿಂಬೆ ಚಿಟ್ಟೆಯ ಮರಿಹುಳ. ಹಕ್ಕಿಗಳು ತಿನ್ನದಿರಲಿ ಅಂತ ಹಿಕ್ಕೆಯ ವೇಷ. ದೊಡ್ಡದಾಗುತ್ತಾ ಪೊರೆ ಬಿಟ್ಟು ಹಸಿರಾಯಿತು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲಿನ ಕೊಂಬು ಹೊರಗೆ ಬರುತ್ತದೆ, ಜೊತೆಗೆ ಒಂಥರಾ ಘಾಟು ವಾಸನೆ. ಮಗಳು ಮೂಗು ಮುಚ್ಚಿಕೊಂಡೇ ಮತ್ತೆ ಮತ್ತೆ ಮುಟ್ಟಿದಳು. ಸಾಕು ಬಿಡು, ಅದಕ್ಕೂ ಬೇಜಾರಾಗುತ್ತೆ ಅಂದೆ. ಆಮೇಲೆ ಅದು ಕಡ್ಡಿಗೆ ನೂಲಿನ ಪಟ್ಟಿ ಕಟ್ಟಿಕೊಂಡು ಕೋಶವಾಯಿತು. ಟ್ಯುಲಿಪ್ ಪುಟದ ಹಿಂದಿನ ಖಾಲಿ ಜಾಗದಲ್ಲಿ ಮಗಳು ದಿನಕ್ಕೊಂದು ಚಿತ್ರ ಬರೆದಳು.

ಈಗ ಮಕ್ಕಳ ಪುಸ್ತಕ ಕೊಳ್ಳುವಾಗ ಎರಡೇ ನೋಡುತ್ತೇನೆ. ಎಕ್ಕೆ, ಬೇವು, ತೊಗರಿಯಂಥ ನಮ್ಮ ಗಿಡ ಒಂದಾದರೂ ಇದೆಯಾ? ಬರೆಯಲು ಖಾಲಿ ಜಾಗ ಇದೆಯಾ? ಹೊಳೆಯುವ ಕಾಗದದ ಪುಸ್ತಕ ನನಗೆ ಬೇಡ, ಅದರ ಮೇಲೆ ಪೆನ್ಸಿಲ್ ಹತ್ತುವುದಿಲ್ಲ.

ಅತ್ತೆ ಮಾತ್ರ ಸಿಟ್ಟಾಗಿದ್ದರು, ಒಗ್ಗರಣೆಗೆ ಎಲೆ ಸಿಗುತ್ತಿರಲಿಲ್ಲ. ಚಿಟ್ಟೆ ಹೊರಬಂದ ಬೆಳಿಗ್ಗೆ ಮೊದಲು ನೋಡಿದ್ದೇ ಅವರು. ಕಪ್ಪು ರೆಕ್ಕೆ, ಅದರ ತುಂಬ ತಿಳಿ ಹಳದಿ ಮಚ್ಚೆ. ರೆಕ್ಕೆ ಒಣಗಿ ಹಾರುವ ತನಕ ಅಲ್ಲೇ ನಿಂತಿದ್ದರು. ಮರುವಾರ ಸಂತೆಯಿಂದ ಇನ್ನೊಂದು ಕರಿಬೇವಿನ ಸಸಿ ತಂದು, “ಇದಕ್ಕ ಹುಳಾ ಬಿಡಬ್ಯಾಡ ನೋಡು,” ಅಂತ ಮೊಮ್ಮಗಳಿಗೆ ತಾಕೀತು ಮಾಡಿದರು.