ಶಿರಸಿಯ ಸರ್ವರ್‌ಗೆ ಕಾರವಾರದಲ್ಲಿ ಬ್ಯಾಕಪ್: ನಾನು ಮಾಡಿಕೊಂಡ ವ್ಯವಸ್ಥೆ

ಶಿರಸಿಯ ಅಡಿಕೆ ವ್ಯಾಪಾರದ ಕಚೇರಿಯೊಂದರ ಲೆಕ್ಕದ ಸರ್ವರ್ ಪ್ರತಿ ರಾತ್ರಿ ಕಾರವಾರದ ಸಣ್ಣ ಲಿನಕ್ಸ್ ಯಂತ್ರಕ್ಕೆ ಬ್ಯಾಕಪ್ ಆಗುತ್ತದೆ. ಬಳಸಿದ್ದು ಆರ್‌ಸಿಂಕ್ (ಬದಲಾದದ್ದನ್ನಷ್ಟೇ ನಕಲಿಸುವ ತಂತ್ರಾಂಶ), ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ), ವೈರ್‌ಗಾರ್ಡ್ (ಎರಡು ಯಂತ್ರಗಳ ನಡುವಿನ ಖಾಸಗಿ ಜಾಲ) ಮತ್ತು ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವಂಥದ್ದು). ಸರ್ವರ್ ತಾನಾಗಿ ಏನನ್ನೂ ಕಳಿಸುವುದಿಲ್ಲ, ಕಾರವಾರದ ಯಂತ್ರವೇ ಎಳೆದುಕೊಳ್ಳುತ್ತದೆ. ಬ್ಯಾಕಪ್ ಯಂತ್ರದೊಳಗೆ ಹೋಗುವ ಕೀ ಸರ್ವರ್ ಬಳಿ ಇದ್ದರೆ, ಸರ್ವರ್‌ಗೆ ನುಗ್ಗಿದ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬ್ಯಾಕಪ್ಪನ್ನೂ ಅಳಿಸಿಬಿಡುತ್ತದೆ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಕಾರವಾರದ ಯಂತ್ರ ಸರ್ವರ್‌ಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಕೀ ಇಡಿ25519 ಎಂಬ ಮಾದರಿಯದು. ಕ್ರಾನ್ ಓಡಿಸುವುದರಿಂದ ಪಾಸ್‌ಫ್ರೇಸ್ (ಕೀ ಬಳಸಲು ಟೈಪ್ ಮಾಡುವ ಗುಪ್ತಪದ) ಇಡಲಾಗದು. ಅದಕ್ಕೇ ಸರ್ವರ್‌ನ ಅಥರೈಸ್ಡ್ ಕೀಸ್ ಕಡತದಲ್ಲಿ (ಯಾವ ಕೀಗಳಿಗೆ ಪ್ರವೇಶ ಎಂಬ ಪಟ್ಟಿ) ಆ ಕೀಯ ಮುಂದೆ ಮೂರು ಕಟ್ಟುಪಾಡು ಹಾಕಿದ್ದೇನೆ: ‘ರಿಸ್ಟ್ರಿಕ್ಟ್’ (ಹೆಚ್ಚುವರಿ ಸೌಲಭ್ಯಗಳನ್ನು ನಿಲ್ಲಿಸುತ್ತದೆ; ಓಪನ್‌ಎಸ್‌ಎಸ್‌ಎಚ್ 7.2 ಅಥವಾ ಅದಕ್ಕಿಂತ ಹೊಸದು ಬೇಕು), ‘ಫ್ರಮ್’ನಲ್ಲಿ ವೈರ್‌ಗಾರ್ಡ್ ಒಳಗಿನ ವಿಳಾಸ, ‘ಕಮಾಂಡ್’ನಲ್ಲಿ ಓದಲು ಮಾತ್ರ ಬಿಡುವ ಆರ್‌ಆರ್‌ಸಿಂಕ್ ಎಂಬ ಸ್ಕ್ರಿಪ್ಟ್. ಕೀ ಕದ್ದವನಿಗೂ ಶೆಲ್ (ಆಜ್ಞೆಗಳನ್ನು ಓಡಿಸುವ ಜಾಗ) ಸಿಗದು. ಹೊರಗಿನ ಇಂಟರ್ನೆಟ್‌ಗೆ ಎಸ್‌ಎಸ್‌ಎಚ್ ಪೋರ್ಟ್ ತೆರೆದೇ ಇಲ್ಲ.

ಚಾಲೂ ಇರುವ ಡೇಟಾಬೇಸ್ ಕಡತಗಳನ್ನು ನೇರ ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಸಿಗುತ್ತದೆ. ಹಾಗಾಗಿ ರಾತ್ರಿ 12:30ಕ್ಕೆ, ಡೇಟಾಬೇಸನ್ನು ಒಂದು ಕಡತಕ್ಕೆ (ಡಂಪ್) ಬರೆದುಕೊಡುವ ಮೈಎಸ್‌ಕ್ಯುಎಲ್‌ಡಂಪ್, ಎಲ್ಲವನ್ನೂ ಒಂದೇ ಕ್ಷಣದ ಸ್ಥಿತಿಯಲ್ಲಿ ಓದುವ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆಯೊಡನೆ ಓಡುತ್ತದೆ (ಇನ್ನೋಡಿಬಿ ಮಾದರಿಯ ಟೇಬಲ್‌ಗಳಿಗೆ ಇದು ಸಾಕು). ಆ ಡಂಪನ್ನು ಜಿಜಿಪ್‌ನಿಂದ ಕುಗ್ಗಿಸುವಾಗ ‘ಆರ್‌ಸಿಂಕಬಲ್’ ಆಯ್ಕೆ ಮರೆಯಬೇಡಿ. ಇಲ್ಲವಾದರೆ ಒಂದು ಬಿಲ್ ಸೇರಿದರೂ ಅಲ್ಲಿಂದಾಚೆಗಿನ ಕಡತವೆಲ್ಲ ಮತ್ತೆ ಬರುತ್ತದೆ.

ಮೊದಲ ನಕಲು ನೆಟ್‌ವರ್ಕಿನಲ್ಲಿ ಬೇಡ. 10 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಗಂಟೆಗೆ ಹೆಚ್ಚೆಂದರೆ 4.5 ಜಿಬಿ, 300 ಜಿಬಿಗೆ ಹತ್ತಿರ ಮೂರು ದಿನ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೆ ತುಂಬಿ ಬಸ್ಸಿನಲ್ಲಿ ಘಟ್ಟ ಇಳಿಸುವುದೇ ವಾಸಿ. ಡಿಸ್ಕಿಗೆ ತುಂಬುವಾಗಲೂ ಆರ್‌ಸಿಂಕ್ ‘-ಎ’ ಬಳಸಬೇಕು, ಇಲ್ಲದಿದ್ದರೆ ಕಡತಗಳ ಸಮಯ ಬದಲಾಗಿ ಎಲ್ಲವನ್ನೂ ಮತ್ತೆ ತಾಳೆ ನೋಡಲು ಕೂರುತ್ತದೆ.

ದಿನಕ್ಕೊಂದು ಫೋಲ್ಡರ್, ಹೋಲಿಸಿ ನೋಡಲು ಆರ್‌ಸಿಂಕ್‌ನ ‘ಲಿಂಕ್-ಡೆಸ್ಟ್’ ಆಯ್ಕೆಗೆ ಹಿಂದಿನ ದಿನದ ಫೋಲ್ಡರ್. ಬದಲಾಗದ ಕಡತಗಳು ಹಾರ್ಡ್ ಲಿಂಕ್ (ಅದೇ ಕಡತಕ್ಕೆ ಇನ್ನೊಂದು ಹೆಸರು) ಆಗುವುದರಿಂದ ಜಾಗ ತಿನ್ನುವುದಿಲ್ಲ. ಇಲ್ಲಿ ಫೋಲ್ಡರಿನ ದಾರಿ (ಪಾತ್) ಪೂರ್ತಿ ಬರೆಯಿರಿ: ಅರ್ಧ ದಾರಿ ಕೊಟ್ಟರೆ ಅದನ್ನು ತಲುಪಬೇಕಾದ ಫೋಲ್ಡರಿನಿಂದ ಲೆಕ್ಕ ಹಾಕುತ್ತದೆ, ಸಿಗದಿದ್ದರೆ ಬರೀ ಒಂದು ಎಚ್ಚರಿಕೆ ಕೊಟ್ಟು ಎಲ್ಲವನ್ನೂ ಹೊಸದಾಗಿ ನಕಲಿಸುತ್ತದೆ. ಡಿಸ್ಕಿನ ಫೈಲ್‌ಸಿಸ್ಟಂ ಇಎಕ್ಸ್‌ಟಿ4 ಇರಲಿ, ಎಕ್ಸ್‌ಫ್ಯಾಟ್‌ನಲ್ಲಿ ಹಾರ್ಡ್ ಲಿಂಕೇ ಇಲ್ಲ.

ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ಮರ ಬಿದ್ದರೆ ಫೈಬರ್ ತುಂಡು, ಗಾಳಿ ಬೀಸಿದರೆ ಕರೆಂಟಿಲ್ಲ. ಹಾಗಾಗಿ ಕೆಲಸ ‘ಅಪೂರ್ಣ’ ಎಂಬ ಫೋಲ್ಡರಿನಲ್ಲಿ ನಡೆದು, ಪೂರ್ತಿಯಾದ ಮೇಲಷ್ಟೇ ಅದಕ್ಕೆ ತಾರೀಕಿನ ಹೆಸರು. 1:30ರಿಂದ 5:30ರವರೆಗೆ ತಾಸಿಗೊಮ್ಮೆ ಕ್ರಾನ್ ಎಬ್ಬಿಸುತ್ತದೆ. ಅಂದಿನ ಫೋಲ್ಡರ್ ಇದ್ದರೆ ಸುಮ್ಮನಾಗುತ್ತದೆ, ಇಲ್ಲದಿದ್ದರೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಎರಡು ಒಟ್ಟಿಗೆ ಓಡದಂತೆ ಎಫ್‌ಲಾಕ್, ಸತ್ತ ಸಂಪರ್ಕಕ್ಕೆ ಜೋತುಬೀಳದಂತೆ ‘ಟೈಮ್‌ಔಟ್’ 120 ಸೆಕೆಂಡ್. ತಾರೀಕು ಬರೆಯುವ ಆಜ್ಞೆಯಲ್ಲಿನ ಪರ್ಸೆಂಟ್ ಚಿಹ್ನೆಯನ್ನು ಕ್ರಾನ್‌ಟ್ಯಾಬ್ (ಕ್ರಾನ್‌ನ ವೇಳಾಪಟ್ಟಿ ಕಡತ) ಹೊಸ ಸಾಲು ಎಂದು ಓದುತ್ತದೆ, ಅದನ್ನು ಸ್ಕ್ರಿಪ್ಟ್ ಒಳಗೇ ಇಡಿ.

ಕರೆಂಟ್ ಬಂದಮೇಲಿನ ಅಪಾಯ ಇನ್ನೂ ಸೂಕ್ಷ್ಮ. ಯಂತ್ರ ತಾನೇ ಏಳುತ್ತದೆ, ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಬೀಗ ಹಾಕಿದ ಡಿಸ್ಕ್ ಏಳುವುದಿಲ್ಲ. ಡಿಸ್ಕ್ ಜೋಡಿಸುವ ಫೋಲ್ಡರ್ ಖಾಲಿಯಿದ್ದು, ಆರ್‌ಸಿಂಕ್ ಅದರೊಳಗೇ ಸುರಿದು ಸಿಸ್ಟಂ ಡಿಸ್ಕನ್ನು ತುಂಬಿಸುತ್ತದೆ. ಸ್ಕ್ರಿಪ್ಟಿನ ಆರಂಭದಲ್ಲೇ ಡಿಸ್ಕ್ ಜೋಡಿಸಿದೆಯೇ ಎಂದು ನೋಡುವ ‘ಮೌಂಟ್‌ಪಾಯಿಂಟ್ -ಕ್ಯೂ’ ಪರೀಕ್ಷೆ ಇರಲೇಬೇಕು. ಜೊತೆಗೆ ಡಿಸ್ಕ್ ಜೋಡಿಸುವ ಮೊದಲು ಖಾಲಿ ಫೋಲ್ಡರಿಗೆ ‘ಚ್ಯಾಟ್ರ್ +ಐ’ (ಬದಲಾಯಿಸದಂತೆ ತಡೆ) ಹಾಕಿಟ್ಟರೆ ರೂಟ್ (ಯಂತ್ರದ ಪೂರ್ಣ ಅಧಿಕಾರದ ಬಳಕೆದಾರ) ಕೂಡ ಅಲ್ಲಿ ಬರೆಯಲಾಗದು.

ಆರ್‌ಸಿಂಕ್ ಮುಗಿಯುವಾಗ ಕೊಡುವ ನಿರ್ಗಮನ ಸಂಖ್ಯೆ 24 ಎಂದರೆ ನಡುವೆ ಕಡತ ಮಾಯವಾಗಿದೆ ಅಷ್ಟೆ, ಗಾಬರಿ ಬೇಡ. 23 (ಕೆಲವು ಕಡತ ಬಂದಿಲ್ಲ), 30 (ಟೈಮ್‌ಔಟ್), 255 (ಎಸ್‌ಎಸ್‌ಎಚ್ ದೋಷ) ಬಂದರೆ ನೋಡಲೇಬೇಕು. ಕಾರವಾರದ ಯಂತ್ರವೇ ಮಲಗಿದ್ದರೆ ದೂರು ಹೇಳುವವರಿಲ್ಲ; ಆದ್ದರಿಂದ ಯಶಸ್ಸಾದಾಗ ಮೇಲ್ ಕಳಿಸುವಂತೆ ಮಾಡಿದ್ದೇನೆ, ಬೆಳಿಗ್ಗೆ 9ರೊಳಗೆ ಬಾರದಿದ್ದರೆ ಕಚೇರಿಯವರು ಫೋನ್ ಮಾಡುತ್ತಾರೆ. ಮೇಲ್ ಹೋಗುವ ಮುನ್ನ ಸ್ಕ್ರಿಪ್ಟ್ ಡಂಪನ್ನು ಬಿಚ್ಚಿ, ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಇದೆಯೇ ಎಂದು ನೋಡುತ್ತದೆ. ತಿಂಗಳಿಗೊಮ್ಮೆ ಅದೇ ಡಂಪನ್ನು ಬೇರೊಂದು ಲ್ಯಾಪ್‌ಟಾಪಿಗೆ ಏರಿಸಿ, ಕೊನೆಯ ಬಿಲ್ ನಂಬರನ್ನು ಶಿರಸಿಯ ಬಿಲ್ ಪುಸ್ತಕದೊಂದಿಗೆ ತಾಳೆ ಹಾಕುತ್ತೇವೆ.